ಅಂಗಡಿ ಗಾಡಿಯ ಎರಡು ಮುಳ್ಳುಗಳ ಸನ್ನಿಧಾನಕ್ಕೆ

ಕ್ನೋಕ್‌ಗಾರ್ ಊರು, ಲೂಯಿಸ್ ದ್ವೀಪ
ಬುಧವಾರ

ಓಯ್ರಿಗ್ ಅತ್ತೆಯ ಅಂಗಡಿ ಗಾಡಿಯ ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ ಬಹುಕಾಲದಿಂದ ವಾಸವಾಗಿರುವ ಮಾನ್ಯ ಪೆಟ್ರೋಲ್ ಮುಳ್ಳಿನವರಿಗೂ, ಅವರ ಬಲಮಗ್ಗುಲಿನ ನೆರೆಯವರಾದ ಮಾನ್ಯ ಬಿಸಿಯ ಮುಳ್ಳಿನವರಿಗೂ,

ಮಾನ್ಯರೇ,

ಎಲ್ಲಕ್ಕಿಂತ ಮೊದಲು ನನ್ನ ಅಕ್ಷರಗಳ ಅಂಕುಡೊಂಕಿಗೂ ಕಾಗುಣಿತದ ತಪ್ಪುಗಳಿಗೂ ತಮ್ಮ ಕ್ಷಮೆ ಇರಲಿ. ನಾನು ಊರ ಚಿಕ್ಕ ಶಾಲೆಯಲ್ಲಿ ಕಲಿಸಿದಷ್ಟನ್ನು ಮಾತ್ರ ಕಲಿತವಳು, ಅಲ್ಲದೆ ಈ ಕಾಗದವನ್ನು ಸ್ಟಿಯರಿಂಗಿನ ಮೇಲೆ ಇಟ್ಟುಕೊಂಡು ಬರೆಯುತ್ತಿರುವುದರಿಂದ ಗಾಳಿ ಗಾಡಿಯನ್ನು ಅಲುಗಾಡಿಸಿದಾಗಲೆಲ್ಲ ಸಾಲುಗಳು ಹಳ್ಳಕ್ಕಿಳಿಯುತ್ತವೆ. ಓದಲು ಕಷ್ಟವಾದರೆ ತಾವು ಓದಿದಂತೆ ತೋರಿಸಿಕೊಂಡರೂ ಸಾಕು; ಇಲ್ಲದ್ದನ್ನು ಇದೆಯೆಂದು ತೋರಿಸುವುದರಲ್ಲಿ ತಮಗಿರುವಷ್ಟು ಅನುಭವ ಈ ದ್ವೀಪದಲ್ಲಿ ಇನ್ನಾರಿಗೂ ಇಲ್ಲ.

ಇದನ್ನು ಗಾಡಿಯ ಹಿಂಬದಿಯ ಮಾರಾಟದ ಕಿಟಕಿಯ ಪಕ್ಕದಲ್ಲಿ ಅಂಟಿಸುತ್ತೇನೆ. ನಾನು ಹಿಟ್ಟು ತೂಗಿ ಕಟ್ಟಿಕೊಡುವವರೆಗೆ ಹೊರಗೆ ನಿಂತವರು ಓದಿಕೊಳ್ಳಲಿ. ಬಾಯಲ್ಲೇ ಹೇಳಬಹುದಿತ್ತಲ್ಲ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ನಾಲ್ಕು ಜನರ ಎದುರು ನನಗೆ ಮಾತು ಬರುವುದಿಲ್ಲ ಎನ್ನುವುದು ಕ್ನೋಕ್‌ಗಾರಿನ ಕುರಿಗಳಿಗೂ ಗೊತ್ತಿರುವ ಸಂಗತಿ. ಈ ಕೆಲಸ ನನಗೆ ಒಗ್ಗಿರುವುದೂ ಅದಕ್ಕಾಗಿಯೇ. ಕಿಟಕಿಯ ಆಚೆ ನಿಂತವರು ತಾವೇ ಮಾತನಾಡುತ್ತಾರೆ, ಮಗ್ಗದ ಸುದ್ದಿ, ಮೊಣಕಾಲಿನ ಸುದ್ದಿ, ಗ್ಲಾಸ್ಗೋದಲ್ಲಿರುವ ಸೊಸೆಯ ಸುದ್ದಿ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ನಾನು ಸಕ್ಕರೆ ಕೊಟ್ಟು ತಲೆಯಾಡಿಸಿದರೆ ಸಂಭಾಷಣೆ ಚೆನ್ನಾಗಿ ನಡೆಯಿತೆಂದು ಇಬ್ಬರಿಗೂ ಸಂತೋಷವಾಗುತ್ತದೆ.

ಇನ್ನು ವಿಷಯಕ್ಕೆ ಬರುತ್ತೇನೆ.

ಪೆಟ್ರೋಲ್ ಮುಳ್ಳಿನವರೇ, ತಮ್ಮಷ್ಟು ತೃಪ್ತ ಜೀವವನ್ನು ನಾನು ಕಂಡಿಲ್ಲ. ಟ್ಯಾಂಕಿನಲ್ಲಿ ವಾಸನೆ ಮಾತ್ರ ಉಳಿದಿರುವಾಗಲೂ ತಾವು ಮುಕ್ಕಾಲು ತುಂಬಿದೆ ಎಂದು ಎದೆಯುಬ್ಬಿಸಿ ನಿಲ್ಲುತ್ತಿದ್ದಿರಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಮಾತನ್ನು ಕೇಳಿದ್ದೆ, ಆದರೆ ಅದನ್ನು ಗಾಜಿನೊಳಗೆ ಇಟ್ಟು ದೀಪ ಹಚ್ಚಿ ತೋರಿಸಿದವರು ತಾವೇ ಮೊದಲು. ಬಿಸಿಯ ಮುಳ್ಳಿನವರೇ, ತಾವಾದರೋ ನೆರೆಯವರಿಗೆ ತದ್ವಿರುದ್ಧ. ಫೆಬ್ರವರಿಯ ಗಾಳಿಗೆ ನನ್ನ ಬೆರಳುಗಳು ನೀಲಿಗಟ್ಟಿ, ಮಾರಲು ಇಟ್ಟ ಬೆಣ್ಣೆ ಕಲ್ಲಾಗಿ, ಎಂಜಿನ್ನಿನ ಮೇಲೆ ಬೆಕ್ಕು ಕೂಡ ಮಲಗಲು ಒಪ್ಪದ ದಿನಗಳಲ್ಲಿಯೂ ತಾವು ಕೆಂಪು ಗೆರೆಗೆ ಹೋಗಿ ನಿಂತು, ಎಲ್ಲವೂ ಈಗಲೇ ಕುದ್ದು ಹೋಗುತ್ತದೆ ಎಂದು ಹೆದರಿಸುತ್ತಿದ್ದಿರಿ. ಒಬ್ಬರು ಸ್ವರ್ಗ ತುಂಬಿ ತುಳುಕುತ್ತಿದೆ ಎನ್ನುವವರು, ಇನ್ನೊಬ್ಬರು ನರಕ ಬಂದೇಬಿಟ್ಟಿತು ಎನ್ನುವವರು. ನಿಮ್ಮಿಬ್ಬರ ನಡುವೆ ಕುಳಿತು ಗಾಡಿ ಓಡಿಸುವಾಗ ನನಗೆ ಸದಾ ಚರ್ಚಿನಲ್ಲೇ ಕುಳಿತ ಹಾಗೆ ಇರುತ್ತಿತ್ತು.

ಈ ಚಳಿಗಾಲದಲ್ಲಿ ತಮ್ಮ ಮಾತನ್ನು ನಂಬಿ ಗಾಡಿ ಜೌಗುನೆಲದ ನಡುವೆ ಪದೇ ಪದೇ ನಿಂತಿತು. ಕಡೆಯ ಸಲ ನಿಂತದ್ದು ದಿಬ್ಬದ ಮೇಲಿನ ಒಂಟಿ ಮನೆಯಿಂದ ಕೂಗಳತೆಯ ದೂರದಲ್ಲಿ. ಹೋಗಿ ಬಾಗಿಲು ತಟ್ಟಿದ್ದರೆ ಆ ಮನೆಯವರು ಟ್ರ್ಯಾಕ್ಟರಿನಿಂದಲಾದರೂ ಎಳೆಸಿಕೊಡುತ್ತಿದ್ದರು. ಆದರೆ ಬಾಗಿಲು ತಟ್ಟಿದ ಮೇಲೆ ಏನಾದರೂ ಹೇಳಬೇಕಾಗುತ್ತದೆ. ಆದ್ದರಿಂದ ನಾನು ಬ್ರೆಡ್ಡು, ಹೊಗೆ ಹಾಕಿದ ಮೀನುಗಳ ಜೊತೆ ಗಾಡಿಯೊಳಗೇ ಕುಳಿತುಕೊಂಡೆ. ಮಧ್ಯಾಹ್ನದ ಮೇಲೆ ಟಪಾಲಿನ ಫಿನ್ಲೇ ಆ ದಾರಿಯಲ್ಲಿ ಬಂದು, ಕಿಟಕಿಯಲ್ಲಿ ಇಣುಕಿ, "ಏನೇ ಮಾರ್ಸಲಿ, ಅಂಗಡಿ ಕುರಿಗಳಿಗೆ ಇಟ್ಟಿದ್ದೀಯಾ? ವ್ಯಾಪಾರ ಹ್ಯಾಗಿದೆ?" ಎಂದು ಕೇಳಿ ತಮ್ಮ ಡಬ್ಬಿಯಿಂದ ಪೆಟ್ರೋಲ್ ಹಾಕಿಕೊಟ್ಟರು. ಅಷ್ಟರಲ್ಲಿ ಮೂರು ಊರುಗಳವರು ಬ್ರೆಡ್ಡಿಲ್ಲದೆ ಕಾದು ಮನೆಗೆ ಹೋಗಿದ್ದರು.

ಆ ಸಂಜೆ ಗಾಡಿಯ ಯಜಮಾನಿಯಾದ ನನ್ನ ಓಯ್ರಿಗ್ ಅತ್ತೆ ಒಲೆಗೆ ಉರುವಲಿನ ಒಣ ಜೌಗುಮಣ್ಣಿನ ಹೆಂಟೆ ಇಡುತ್ತ, ನನ್ನ ಕಡೆಗೆ ತಿರುಗದೆಯೇ ತೀರ್ಪು ಕೊಟ್ಟರು. "ನೋಡು ಮಗಳೇ, ಆ ಮುಳ್ಳುಗಳು ಹೇಳೋದೆಲ್ಲ ಸುಳ್ಳು. ನೀನೋ, ಏನೂ ಹೇಳೋದೇ ಇಲ್ಲ. ಇಂಥ ಮೂವರನ್ನ ಒಂದೇ ಗಾಡೀಲಿ ಊರೂರಿಗೆ ಹ್ಯಾಗೆ ಕಳಿಸ್ಲಿ? ಮಂಜು ಬಿದ್ದ ದಿನ ಕೆಟ್ಟು ನಿಂತ್ರೆ ಬಾಯಿ ಬಿಡದೇ ಸತ್ತು ಹೋಗ್ತೀಯ. ಪೇಟೆ ಬೇಕರಿಯೋರು ಗಾಡಿ ಕೇಳ್ತಿದಾರೆ. ಸೋಮವಾರ ಮಧ್ಯಾಹ್ನದ ಬಸ್ಸಿಗೆ ಅವರ ಮನುಷ್ಯ ಬರ್ತಾನೆ, ಕೊಟ್ಟುಬಿಡ್ತೀನಿ."

ಗಾಡಿ ಹೋದರೆ ನಾನು ಸಮುದ್ರದಾಚೆಯ ಮೀನು ಕೊಯ್ಯುವ ಶೆಡ್ಡಿಗೆ ಹೋಗಬೇಕಿತ್ತು. ಅಲ್ಲಿ ಹುಡುಗಿಯರು ಭುಜಕ್ಕೆ ಭುಜ ತಗುಲಿಸಿ ಸಾಲಾಗಿ ನಿಂತು ದಿನವಿಡೀ ಮಾತನಾಡುತ್ತ, ಹಾಡುತ್ತ, ಹೊಸಬರನ್ನು ಗೋಳು ಹುಯ್ದುಕೊಳ್ಳುತ್ತ ಕೆಲಸ ಮಾಡುತ್ತಾರಂತೆ. ಮೀನಿನ ಕರುಳಿಗೆ ನಾನು ಹೆದರುವುದಿಲ್ಲ. ಹಾಡಿಗೆ ಹೆದರುತ್ತೇನೆ. ತಮ್ಮಿಬ್ಬರ ಹುಸಿ ಮಾತಿನಿಂದ ಒಬ್ಬಳ ಇಡೀ ಬದುಕು ಹಾಡುವವರ ನಡುವೆ ಹೋಗಿ ಬೀಳುವುದರಲ್ಲಿತ್ತು ಎನ್ನುವುದನ್ನು ಮಾನ್ಯರು ದಯವಿಟ್ಟು ಗಮನಿಸಬೇಕು.

ತಮ್ಮ ಆರೋಗ್ಯದ ವಿಚಾರದಲ್ಲಿ ಊರು ಕೈಕಟ್ಟಿ ಕುಳಿತಿತ್ತು ಎಂದು ಮಾತ್ರ ತಾವು ಹೇಳುವಂತಿಲ್ಲ. ಶನಿವಾರ ಮಧ್ಯಾಹ್ನ ಮೂವರು ವೈದ್ಯರು ತಮ್ಮ ಬಳಿಗೆ ಬಂದರು. ಒಬ್ಬರು ನೇಕಾರ ರೂರಿ, ಗಾಡಿಯ ಕಾಯಿಲೆಗಳೆಲ್ಲ ಟ್ಯಾಂಕಿನಿಂದಲೇ ಹುಟ್ಟುತ್ತವೆ ಎಂದು ನಂಬಿರುವವರು. ಇನ್ನೊಬ್ಬರು ಟಪಾಲಿನ ಫಿನ್ಲೇ, ಕಾಯಿಲೆಗಳೆಲ್ಲ ರೇಡಿಯೇಟರಿನಿಂದ ಹುಟ್ಟುತ್ತವೆ ಎಂದು ನಂಬಿರುವವರು. ಮೂರನೆಯವರು ನಮ್ಮ ಚರ್ಚಿನ ಹಿರಿಯರಾದ ಟೋರ್ಕಿಲ್, ಹರೆಯದಲ್ಲಿ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ಬಂದವರು, ಏನನ್ನಾದರೂ ನಂಬುವ ಮೊದಲು ಒಂದು ರಾತ್ರಿ ಮಲಗಿ ಎದ್ದು ಯೋಚಿಸುವವರು.

ಮೊದಲು ಎಲ್ಲರೂ ಸರದಿಯಂತೆ ತಮ್ಮಿಬ್ಬರ ಗಾಜನ್ನು ಬೆರಳಿನಿಂದ ತಟ್ಟಿದರು. ತಾವು ಮಿಸುಕಲಿಲ್ಲ. ರೂರಿ, "ಟ್ಯಾಂಕಿನೊಳಗಿನ ತೇಲುಗುಂಡು ಮೇಲೇ ಸಿಕ್ಕಿಹಾಕ್ಕೊಂಡಿದೆ ಕಣಯ್ಯಾ, ಅದಕ್ಕೇ ತುಂಬಿದೆ ಅಂತ ತೋರಿಸ್ತಿದೆ" ಎಂದರು. ಫಿನ್ಲೇ, "ಹಾಗಾದ್ರೆ ಬಿಸಿ ಮುಳ್ಳಿಗೂ ನಿನ್ನ ತೇಲುಗುಂಡೇ ಸಿಕ್ಕಿಹಾಕ್ಕೊಂಡಿದೆಯೋ? ಎಂಜಿನ್ನೊಳಗೆ ಈಜಿಕೊಂಡು ಹೋಗಿ?" ಎಂದು ಹಂಗಿಸಿದರು. "ಅದು ಬೇರೆ ಕಾಯಿಲೆ, ಇದು ಬೇರೆ ಕಾಯಿಲೆ," ಎಂದು ರೂರಿ ಗಟ್ಟಿಯಾಗಿ ನಿಂತರು. ಮಾತಿಗೆ ಮಾತು ಬೆಳೆದು, ಡ್ಯಾಶ್‌ಬೋರ್ಡಿನ ತಗಡನ್ನೇ ಬಿಚ್ಚಿ, ತಮ್ಮಿಬ್ಬರನ್ನೂ ಹೊರಕ್ಕೆಳೆದು, ಬಣ್ಣ ಬಣ್ಣದ ವೈರುಗಳನ್ನು ಗಾಡಿಯ ಮುಂದಿನ ಸೀಟಿನ ಮೇಲೆಲ್ಲ ಹರಡಿ, ಸ್ಕ್ರೂಗಳನ್ನು ಅತ್ತೆಯ ಸಾಸರಿನಲ್ಲಿ ಹಾಕುವಷ್ಟರಲ್ಲಿ ಶನಿವಾರ ಮುಗಿಯುತ್ತ ಬಂದಿತ್ತು. ಅತ್ತೆ ನಾಳೆಯ ಆಲೂಗಡ್ಡೆಯ ಸಿಪ್ಪೆ ತೆಗೆದು, ನೀರು ತುಂಬಿಸಿಟ್ಟು, ಬಾಗಿಲಲ್ಲಿ ನಿಂತು ಕೆಮ್ಮಿದರು. ಟೋರ್ಕಿಲ್ ಟೋಪಿ ಹಾಕಿಕೊಂಡರು. ಭಾನುವಾರ ದೇವರ ದಿನ, ಅಂದು ಕೆಲಸವೂ ಕೆಲಸದ ಯೋಚನೆಯೂ ನಮ್ಮಲ್ಲಿ ಪಾಪ; ಒಗೆದ ಬಟ್ಟೆಯೂ ಹಗ್ಗದ ಮೇಲೆ ಅಲುಗಾಡುವುದಿಲ್ಲ, ಇನ್ನು ಸ್ಕ್ರೂಡ್ರೈವರಿನ ಮಾತೆಲ್ಲಿ ಬಂತು? ತಮ್ಮ ಹೊಟ್ಟೆ ಬಗೆದ ಸ್ಥಿತಿಯಲ್ಲೇ, ಮಾನ ಮುಚ್ಚಲು ಆಲೂಗಡ್ಡೆ ಚೀಲವೊಂದನ್ನು ಹೊದಿಸಿ, ಎಲ್ಲರೂ ಮನೆಗೆ ಹೋದರು.

ನಮ್ಮ ಗಾಡಿ ನಿಲ್ಲುವುದು ಚರ್ಚಿನ ದಾರಿಯ ಪಕ್ಕದಲ್ಲೇ. ಮಾರನೆಯ ದಿನ ಇಡೀ ಊರು ಕರಿ ಬಟ್ಟೆ ತೊಟ್ಟು ತಮ್ಮ ಮುಂದೆಯೇ ನಡೆದು ಹೋಯಿತು. ಒಬ್ಬರೂ ತಮ್ಮ ಕಡೆ ನೋಡಲಿಲ್ಲ. ನೋಡದಿರುವುದಕ್ಕೆ ಅಷ್ಟೊಂದು ಕಷ್ಟಪಡುವ ಜನರನ್ನು ನಾನು ಹಿಂದೆಂದೂ ನೋಡಿರಲಿಲ್ಲ. ರೂರಿ ಗಾಡಿಯ ಹತ್ತಿರ ಬಂದಾಗ ಆಕಾಶದಲ್ಲಿ ಏನನ್ನೋ ಹುಡುಕತೊಡಗಿದರು. ಫಿನ್ಲೇ ಬೂಟಿನ ದಾರ ಕಟ್ಟಲು ಬಗ್ಗಿದವರು ಚೀಲದ ಅಂಚು ಕಾಣುವಷ್ಟು ಹೊತ್ತು ಬಗ್ಗಿಯೇ ಇದ್ದರು.

ಚರ್ಚಿನಲ್ಲಿ ಕೀರ್ತನೆ ಹೇಳಿಕೊಡುವವರು ಇದೇ ಫಿನ್ಲೇ. ಅವರು ಒಂದು ಸಾಲನ್ನು ಎತ್ತಿ ಹಾಡಿದ ಮೇಲೆ ನಾವೆಲ್ಲ ಅದನ್ನು ಹಿಂಬಾಲಿಸಬೇಕು. ಅಂದು ಅವರು ಒಂದೇ ಸಾಲನ್ನು ಎರಡು ಸಲ ಎತ್ತಿಕೊಟ್ಟರು, ಊರಿಗೆ ಊರೇ ಅದನ್ನು ಎರಡು ಸಲವೂ ಭಕ್ತಿಯಿಂದ ಹಾಡಿತು, ಯಾರಿಗೂ ಏನೂ ಅನ್ನಿಸಲಿಲ್ಲ. ಗಂಡಸರ ಮನಸ್ಸೆಲ್ಲ ಆ ಹೊತ್ತಿಗೆ ಎಲ್ಲಿತ್ತೆಂದು ಈ ಬಹಿರಂಗ ಪತ್ರದಲ್ಲಿ ಬರೆಯುವುದು ಮರ್ಯಾದೆಯಲ್ಲ. ಪಾದ್ರಿಗಳು ಸುಳ್ಳು ಸಾಕ್ಷಿಗಳ ಮೇಲೆ ಉಪದೇಶ ಮಾಡಿದರು. "ಇಬ್ಬರು ಸಾಕ್ಷಿಗಳು ಒಂದೇ ದಿನ ಸುಳ್ಳಾಡಲು ಶುರುಮಾಡಿದರೆ, ಅವರಿಬ್ಬರನ್ನು ಕೇಳಿ ಪ್ರಯೋಜನವಿಲ್ಲ, ಅವರ ಹಿಂದೆ ನಿಂತು ಹೇಳಿಕೊಟ್ಟವನು ಯಾರು ಎಂದು ನೋಡಿ," ಎಂದು ಅವರು ಮೇಜು ಗುದ್ದಿ ಹೇಳಿದಾಗ ನಾನು ನನ್ನ ಮುಂದಿನ ಬೆಂಚಿನಲ್ಲಿದ್ದ ಟೋರ್ಕಿಲ್ ಅವರ ಕಿವಿಗಳು ಕೆಂಪಾದುದನ್ನು ಕಂಡೆ. ಆಮೇಲಿನ ದೀರ್ಘ ಪ್ರಾರ್ಥನೆಯಲ್ಲಿ ಎಲ್ಲರೂ ಎದ್ದು ನಿಂತು ಕಣ್ಣು ಮುಚ್ಚಿದ್ದಾಗ, ನಾನು ಮಾತ್ರ ತಪ್ಪಿ ಕಣ್ಣು ಬಿಟ್ಟುಬಿಟ್ಟೆ. ಟೋರ್ಕಿಲ್ ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಕೈಯ ಹೆಬ್ಬೆರಳು ತೋರುಬೆರಳುಗಳು ಮೆಲ್ಲಗೆ ತಿರುಗುತ್ತಿದ್ದವು, ತೀರ ಚಿಕ್ಕ ಸ್ಕ್ರೂವೊಂದನ್ನು ಬಿಚ್ಚುವಾಗ ತಿರುಗುವ ಹಾಗೆ.

ಸೋಮವಾರ ಬೆಳಿಗ್ಗೆ ಅತ್ತೆ ಒಲೆ ಹಚ್ಚುವ ಮೊದಲೇ ಮೂವರೂ ಗಾಡಿಯ ಬಳಿ ನಿಂತಿದ್ದರು. ರೂರಿಯ ಕೈಯಲ್ಲಿ ಅಂದವಾಗಿ ಕೆತ್ತಿದ ಹೊಸ ಕಾರ್ಕಿನ ತೇಲುಗುಂಡೊಂದಿತ್ತು.

"ಇದನ್ನ ಯಾವಾಗ ಕೆತ್ತಿದೆ?" ಎಂದು ಫಿನ್ಲೇ ಕೇಳಿದರು.

"ಈಗ ಬೆಳಿಗ್ಗೆ, ಎದ್ದು."

"ಎದ್ದೋನು ಕೆತ್ತೋಕೆ ಅಂತ ಚರ್ಚಿನ ಕೋಟು ಹಾಕ್ಕೊಂಡಿದ್ಯಾ? ಅದರ ಜೇಬು ನೋಡು, ತುಂಬ ಕಾರ್ಕಿನ ಪುಡಿ."

"ಚೂರು ಜೇಬಲ್ಲಿತ್ತು ಮಾರಾಯ. ಉಗುರು ತಾನಾಗೇ ಕೆರೀತು. ನಾನು ಕೆತ್ತಿಲ್ಲ," ಎಂದ ರೂರಿ, "ನೀನು ದೊಡ್ಡ ಸಾಚಾ! ನಿನ್ನೆ ಒಂದೇ ಸಾಲನ್ನ ನಮ್ಮ ಕೈಲಿ ಎರಡು ಸಲ ಹಾಡಿಸಿದೋರು ಯಾರೋ?" ಎಂದು ತಿರುಗಿ ಕೊಟ್ಟರು.

ಫಿನ್ಲೇ ತಕ್ಷಣ ಮಾತು ಬದಲಿಸಿ ಟೋರ್ಕಿಲ್ ಕಡೆ ತಿರುಗಿದರು. "ನೀವು ಏನಂತೀರಿ? ಏನಾದ್ರೂ ಯೋಚನೆ ಮಾಡಿದ್ರಾ?"

"ನಿನ್ನೆ ಭಾನುವಾರ," ಎಂದರು ಟೋರ್ಕಿಲ್. "ನಾನು ಯಾಕೆ ಯೋಚನೆ ಮಾಡ್ಲಿ?"

ಮಾನ್ಯರೇ, ಪರಿಸ್ಥಿತಿಯನ್ನು ತಾವು ಅರಿಯಬೇಕು. ತಮ್ಮ ಕಾಯಿಲೆಗೆ ಮದ್ದು ಗೊತ್ತಿರುವ ಒಬ್ಬರು ಅಲ್ಲಿದ್ದರು, ಆದರೆ ಸೋಮವಾರ ಅಷ್ಟು ಬೆಳಿಗ್ಗೆ ಅದನ್ನು ಹೇಳಿದರೆ, ಅದು ಯಾವಾಗ ಹೊಳೆಯಿತು ಎಂದು ಉಳಿದಿಬ್ಬರೂ ಕೇಳದೆ ಬಿಡುತ್ತಿರಲಿಲ್ಲ. ಚರ್ಚಿನ ಹಿರಿಯರಾದ ಮೇಲೆ ಸುಳ್ಳು ಹೇಳುವಂತಿಲ್ಲ, ನಿಜ ಹೇಳುವಂತೆಯೂ ಇಲ್ಲ. ಹೀಗಾಗಿ ಬುದ್ಧಿಯೆಲ್ಲ ಹಿರಿಯರ ಬೆನ್ನ ಹಿಂದಿನ ಬೆರಳುಗಳಲ್ಲಿ ತಿರುಗುತ್ತಿರಲು, ರೂರಿಯೂ ಫಿನ್ಲೇಯೂ ಟ್ಯಾಂಕನ್ನೇ ಕೆಳಗಿಳಿಸುವ ಸಿದ್ಧತೆ ಮಾಡಿದರು. ಟ್ಯಾಂಕು ಇಳಿಸಿದರೆ ಗಾಡಿ ಮಧ್ಯಾಹ್ನದವರೆಗೆ ನಿಂತಲ್ಲಿಂದ ಕದಲುವುದಿಲ್ಲ. ಬೇಕರಿಯ ಮನುಷ್ಯ ಬಂದು ನೋಡಿ, ಸವಾರಿ ಹೊರಡದ ಗಾಡಿಯನ್ನು ಹಗ್ಗ ಕಟ್ಟಿ ಒಯ್ಯುತ್ತಾನೆ. ನಾನು ಹಾಡುವವರ ಸಾಲಿಗೆ ಹೋಗುತ್ತೇನೆ.

ನನಗೂ ಒಂದು ಸಂಗತಿ ಗೊತ್ತಿತ್ತು. ಚಳಿಗಾಲವೆಲ್ಲ ತಮ್ಮಿಬ್ಬರ ಮುಖ ನೋಡಿಕೊಂಡೇ ಗಾಡಿ ಓಡಿಸಿದವಳಲ್ಲವೇ? ಅದಕ್ಕೆ ಅರ್ಥವೇನೆಂದು ಗೊತ್ತಿರಲಿಲ್ಲ, ಹೇಳಲು ಯಾರೂ ಕೇಳಿರಲಿಲ್ಲ. ಹಿರಿಯರ ಬೆರಳುಗಳನ್ನು ನೋಡುತ್ತ ನಿಂತವಳು, ಹ್ಯಾಗೋ ಏನೋ, ಬಾಯಿ ಬಿಟ್ಟೆ.

"ಹಳೇ ಕಲ್ಲುದಾರೀಲಿ ಇಬ್ರೂ ಒಟ್ಟಿಗೇ ಮೆಲ್ಲಗೆ ಕೆಳಗಿಳೀತಾರೆ. ಟಾರು ರಸ್ತೆ ಸಿಕ್ಕಿದ್ರೆ ಒಟ್ಟಿಗೇ ಮೇಲೇರ್ತಾರೆ."

ರೂರಿ ಹಿಂದೆ ತಿರುಗಿ ನೋಡಿದರು, ಅಲ್ಲಿ ಅತ್ತೆಯ ಕೋಳಿಯೊಂದು ನಿಂತಿತ್ತು. "ಯಾರು ಮಾತಾಡಿದ್ದು?" ಎಂದು ಅದನ್ನೇ ಕೇಳಿದರು.

ಆದರೆ ಟೋರ್ಕಿಲ್ ಅವರ ಮುಖ, ಜೈಲಿನಿಂದ ಬಿಡುಗಡೆಯಾದವರ ಮುಖದ ಹಾಗೆ ಅರಳಿತು. "ಒಟ್ಟಿಗೇ! ಕೇಳಿದ್ರಾ, ಒಟ್ಟಿಗೇ ಅಂತೆ! ಹಾಗಾದ್ರೆ ತಪ್ಪು ಇವರಿಬ್ಬರದ್ದಲ್ಲ, ಇವರ ಹಿಂದೆ ಇರೋ ಡಬ್ಬೀದು. ಈಗ ಹೊಳೀತು ನೋಡಿ ನಂಗೆ! ಈಗ, ಸೋಮವಾರ, ಈ ಹುಡುಗಿ ಹೇಳಿದ ಮೇಲೆ!" ಎಂದು ಮೂರು ಮೂರು ಸಲ ಸಾರುತ್ತ ಅವರು ಗಾಡಿಯೊಳಗೆ ನುಗ್ಗಿ, ಕಣ್ಣಿನಿಂದ ನೋಡುವ ಗೋಜಿಗೂ ಹೋಗದೆ, ತಗಡಿನ ಹಿಂಭಾಗಕ್ಕೆ ಕೈ ಹಾಕಿ ನೇರವಾಗಿ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಹಿಡಿದುಕೊಂಡರು. ಆಗ ತಾನೇ ಹೊಳೆದ ಜಾಗಕ್ಕೆ ಅವರ ಕೈ ಅಷ್ಟು ಸಲೀಸಾಗಿ ಹೋದದ್ದನ್ನು ನಾವ್ಯಾರೂ ಗಮನಿಸಲಿಲ್ಲ. ಫಿನ್ಲೇಗೆ ಮಾತ್ರ ಕೆಮ್ಮು ಬಂತು.

ತಮಗೆ ಗೊತ್ತಿರುವ ವಿಷಯವೇ ಆದರೂ ಸಾಲಿನಲ್ಲಿ ನಿಂತವರಿಗಾಗಿ ಬರೆಯುತ್ತೇನೆ. ಬ್ಯಾಟರಿಯ ಶಕ್ತಿ ತಮ್ಮಿಬ್ಬರಿಗೆ ಅತಿಯಾಗಬಾರದೆಂದು ಆ ಡಬ್ಬಿ ಅದನ್ನು ತಗ್ಗಿಸಿ, ಅಳೆದು ಹಂಚುತ್ತದೆ. ಹಾಗೆ ಹಂಚಬೇಕಾದರೆ ಅದು ತನ್ನ ಒಂದೇ ಒಂದು ಸ್ಕ್ರೂವಿನಿಂದ ಗಾಡಿಯ ಕಬ್ಬಿಣವನ್ನು ಮುಟ್ಟಿಕೊಂಡಿರಬೇಕು. ನಮ್ಮ ಉಪ್ಪುಗಾಳಿಗೆ ಆ ಸ್ಕ್ರೂವಿನ ಕೆಳಗೆಲ್ಲ ತುಕ್ಕು ಹಿಡಿದು ಅರ್ಥಿಂಗ್ ತಪ್ಪಿತ್ತು. ಕಲ್ಲುದಾರಿಯಲ್ಲಿ ಗಾಡಿ ಕುಲುಕಿದಾಗ ಮುಟ್ಟುತ್ತಿತ್ತು, ನುಣುಪಾದ ರಸ್ತೆಯಲ್ಲಿ ಬಿಟ್ಟುಬಿಡುತ್ತಿತ್ತು. ಬಿಟ್ಟಾಗಲೆಲ್ಲ ಬ್ಯಾಟರಿಯ ಪೂರ್ತಿ ಬಲ ತಮ್ಮಿಬ್ಬರ ತಲೆಗೇರುತ್ತಿತ್ತು. ಟೋರ್ಕಿಲ್ ಚಾಕುವಿನ ಅಂಚಿನಿಂದ ತುಕ್ಕನ್ನು ಕೆರೆದು, ಬೆಳ್ಳಗಿನ ಕಬ್ಬಿಣ ಕಾಣುವಂತೆ ಮಾಡಿ, ಸ್ಕ್ರೂ ಬಿಗಿದು, ಕೀಲಿ ತಿರುಗಿಸಿದರು. ಬಿಸಿಯ ಮುಳ್ಳಿನವರೇ, ತಾವು ಎದ್ದು ಒಂದು ಹೆಜ್ಜೆ ಇಟ್ಟು, ಇದು ಚಳಿಗಾಲವೆಂಬುದನ್ನು ಒಪ್ಪಿ ಅಲ್ಲೇ ನಿಂತಿರಿ. ಪೆಟ್ರೋಲ್ ಮುಳ್ಳಿನವರೇ, ತಾವು ಕಾಲುಭಾಗವನ್ನೂ ಮುಟ್ಟದೆ, ಹೆಚ್ಚಿನದೇನೂ ಇಲ್ಲವೆಂದು ತಲೆ ತಗ್ಗಿಸಿದಿರಿ. ಅತ್ತೆ ಕಡ್ಡಿಯೊಂದನ್ನು ಟ್ಯಾಂಕಿಗಿಳಿಸಿ ನೋಡಿದರು. ಅದೂ ಅದನ್ನೇ ಹೇಳಿತು.

ಆಮೇಲೆ ಅತ್ತೆ ನನ್ನ ಕಡೆಗೆ ತಿರುಗಿದರು. "ಒಟ್ಟಿಗೇ ಇಳೀತಾರೆ ಅನ್ನೋದು ನಿಂಗೆ ಯಾವಾಗಿಂದ ಗೊತ್ತು?"

"ಚಳಿಗಾಲ ಶುರುವಾದಾಗಿಂದ."

"ಮತ್ತೆ ಈಗ್ಯಾಕೆ ಹೇಳ್ದೆ?"

ನಾನು ಟೋರ್ಕಿಲ್ ಅವರ ಕೈಗಳನ್ನು ನೋಡಿದೆ. "ಯಾರಾದ್ರೂ ಹೇಳ್ಲೇಬೇಕಿತ್ತು," ಎಂದೆ.

ಹಿರಿಯರು ಟೋಪಿಯೊಳಗೆ ಏನನ್ನೋ ಹುಡುಕತೊಡಗಿದರು. ಅತ್ತೆ ಒಮ್ಮೆ ಅವರನ್ನೂ ಒಮ್ಮೆ ನನ್ನನ್ನೂ ನೋಡಿ ಒಳಗೆ ಹೋದರು. ಮಧ್ಯಾಹ್ನದ ಬಸ್ಸಿಗೆ ಬೇಕರಿಯ ಮನುಷ್ಯ ಬಂದಾಗ, ಅವನನ್ನು ಕೂರಿಸಿ, ಚಹಾ, ಓಟ್ಸ್ ರೊಟ್ಟಿ ಕೊಟ್ಟು, ಅವನು ಬಾಯಿ ತುಂಬಿಕೊಂಡಿದ್ದಾಗ ಹೇಳಿದರು: "ಗಾಡಿ ಕೊಡೋದಿಲ್ಲ ತಮ್ಮಾ. ಸುಳ್ಳು ಹೇಳ್ತಿದ್ದ ಇಬ್ರು ನಿಜ ಹೇಳೋಕೆ ಶುರು ಮಾಡಿದ್ರು, ಏನೂ ಹೇಳದೋಳು ಬಾಯಿ ಬಿಟ್ಲು. ಇನ್ನು ಮಾರೋಕೆ ನಂಗೆ ಕಾರಣ ಉಳಿದಿಲ್ಲ. ಇನ್ನೊಂದು ರೊಟ್ಟಿ ತಗೋ."

ಆದ್ದರಿಂದ ಮಾನ್ಯರೇ, ತಮ್ಮ ಮೇಲೆ ನಾನು ಹೊರಿಸಿದ್ದ ಆರೋಪವನ್ನು ಅರ್ಧ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆ ಡಬ್ಬಿ ಹೇಳಿಕೊಟ್ಟದ್ದನ್ನು ತಾವು ಹೇಳಿದಿರಿ. ಉಳಿದರ್ಧವನ್ನು ಮಾತ್ರ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಹೇಳಿಕೊಟ್ಟದ್ದನ್ನು ಅಷ್ಟೊಂದು ಖುಷಿಯಿಂದ ಹೇಳಬೇಕಾಗಿರಲಿಲ್ಲ. ಮುಂದೆ ತಮ್ಮಿಂದ ಕೆಲವು ಸಣ್ಣ ಉಪಕಾರಗಳನ್ನು ಬೇಡುತ್ತೇನೆ. ಸುಳ್ಳು ಹೇಳಲೇಬೇಕೆಂದು ಮನಸ್ಸಾದರೆ, ಪೆಟ್ರೋಲ್ ಮುಳ್ಳಿನವರು ದಯವಿಟ್ಟು ಇನ್ನೊಂದು ದಿಕ್ಕಿಗೆ ಹೇಳಬೇಕು: ಇರುವುದನ್ನು ಇಲ್ಲವೆನ್ನಬೇಕು, ನೆಂಟರು ಬಂದಾಗ ನಮ್ಮ ಅತ್ತೆ ಬಿಸ್ಕತ್ತಿನ ಡಬ್ಬಿಯ ಬಗ್ಗೆ ಹೇಳುವ ಹಾಗೆ. ಬಿಸಿಯ ಮುಳ್ಳಿನವರು ಎಂಜಿನ್ನಿನ ಬಿಸಿಯ ಜೊತೆಗೆ, ಕಿಟಕಿಯ ಹೊರಗೆ ನಿಂತ ಗಿರಾಕಿಯ ತಲೆ ಎಷ್ಟು ಬಿಸಿಯಾಗಿದೆ ಎಂಬುದನ್ನೂ ತೋರಿಸಿದರೆ ದೊಡ್ಡ ಸಹಾಯವಾದೀತು. ಇಬ್ಬರೂ ಕೂಡಿ ಕಾಯಿಲೆ ಬೀಳುವುದಿದ್ದರೆ ಸೋಮವಾರ ಬೆಳಿಗ್ಗೆ ಬೀಳಬೇಕಾಗಿ ಪ್ರಾರ್ಥನೆ. ಶನಿವಾರ ಬಿದ್ದರೆ ನಮ್ಮ ಊರಿನ ಗಂಡಸರ ಆತ್ಮಗಳಿಗೆ ಬಹಳ ಅಪಾಯ.

ಇನ್ನು ಮೇಲೆ ತಮ್ಮ ಮಾತನ್ನು ನಂಬುತ್ತಲೇ ಟ್ಯಾಂಕಿಗೆ ಕಡ್ಡಿ ಇಳಿಸಿಯೂ ನೋಡಲಿರುವ,

ತಮ್ಮ ವಿಶ್ವಾಸಿ,
ಮಾರ್ಸಲಿ

ತಾ.ಕ.: ಈ ಪತ್ರದಲ್ಲಿ ತಮ್ಮ ಹೆಸರು ಬರಲಿಲ್ಲವೆಂದು ಆಚೆ ಪಕ್ಕದಲ್ಲಿ ಕುಳಿತಿರುವ ವೇಗದ ಮುಳ್ಳಿನವರು ಹಿಗ್ಗುವುದು ಬೇಡ. ಇಂದು ಬೆಳಿಗ್ಗೆ ದಿಬ್ಬದ ಮೇಲಿನ ಮನೆಯ ಎದುರು ಎಂಜಿನ್ ಆರಿಸಿ ಗಾಡಿ ನಿಲ್ಲಿಸಿದ್ದಾಗಲೂ ಅವರು ಗಂಟೆಗೆ ಇಪ್ಪತ್ತು ಮೈಲಿ ಓಡುತ್ತಲೇ ಇದ್ದರು. ಅವರ ಸರದಿಯೂ ಬರುತ್ತದೆ. ಅಲ್ಲಿ ಯಾಕೆ ನಿಲ್ಲಿಸಿದೆನೆಂದರೆ, ಇಳಿದು ಹೋಗಿ, ಆ ಮನೆಯ ಬಾಗಿಲು ತಟ್ಟಿ, "ಒಂದು ಲೋಟ ನೀರು ಕೊಡ್ತೀರಾ?" ಎಂದು ಕೇಳಿ, ಕುಡಿದು ಬಂದೆ. ಬಾಯಾರಿಕೆಯೇನೂ ಇರಲಿಲ್ಲ.